ಪ್ರಾಚೀನ ಗ್ರೀಕ್ ದೇವತೆಗಳ ಮಾನುಷ ಗುಣ, ಅತಿಮಾನುಷ ಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕರ ದೇವತೆಗಳು ಮನುಷ್ಯರಂತೆಯೇ ಇದ್ದರು ಎನ್ನುತ್ತಾರೆ. ಯಾವ ವಿಷಯಗಳಲ್ಲಿ?

ಹೆಚ್ಚುಕಡಿಮೆ ಎಲ್ಲ ವಿಷಯಗಳಲ್ಲೂ. ಅವರಿಗೆ ಮೈಯಿದೆ, ಮನೆಯಿದೆ, ಸಂಸಾರವಿದೆ. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಇಲಿಯಡ್ ಮತ್ತು ಒಡಿಸ್ಸಿ ಮಹಾಕಾವ್ಯಗಳಲ್ಲಿ ಒಲಿಂಪಸ್ ಬೆಟ್ಟದ ಮೇಲಿನ ಬದುಕು ದೊಡ್ಡ ಅರಸುಮನೆತನವೊಂದರ ಬದುಕಿನಂತೆ ನಡೆಯುತ್ತದೆ. ಜ್ಯೂಸ್ ಯಜಮಾನ, ಹೇರಾ ಅವನ ಪತ್ನಿ. ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ, ಮಕ್ಕಳು ಒಬ್ಬೊಬ್ಬರ ಪಕ್ಷ ಹಿಡಿಯುತ್ತಾರೆ, ಹಗಲೆಲ್ಲ ಔತಣ ನಡೆದು, ಅಪೊಲೊನ ತಂತಿವಾದ್ಯವನ್ನು ಕೇಳಿ, ಕತ್ತಲಾದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೋಗಿ ಮಲಗುತ್ತಾರೆ. ಆ ಮನೆಗಳನ್ನು ಕಟ್ಟಿಕೊಟ್ಟವನು ಕುಂಟುಗಾಲಿನ ಕಮ್ಮಾರ ದೇವತೆ ಹೆಫೀಸ್ಟಸ್. ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸನ ತಾಯಿ, ದೇವಿ ಥೆಟಿಸ್ ಹೆಫೀಸ್ಟಸನನ್ನು ಕಾಣಲು ಬಂದಾಗ ಅವನು ಕುಲುಮೆಯ ಮುಂದೆ ಬೆವರುತ್ತಾ ಕೆಲಸದಲ್ಲಿದ್ದಾನೆ. ಅತಿಥಿ ಬಂದಿರುವುದು ತಿಳಿದೊಡನೆ ತಿದಿಗಳನ್ನು ಬೆಂಕಿಯಿಂದ ಸರಿಸಿ, ಹತಾರಗಳನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು, ಮುಖ, ಕೈ, ಕುತ್ತಿಗೆ, ರೋಮ ತುಂಬಿದ ಎದೆ ಎಲ್ಲವನ್ನೂ ಸ್ಪಂಜಿನಿಂದ ಒರೆಸಿಕೊಂಡು, ಅಂಗಿ ತೊಟ್ಟು, ಕುಂಟುತ್ತಾ ಹೊರಬರುತ್ತಾನೆ. ಅವನನ್ನು ಆತುಕೊಂಡು ನಡೆಸುವವರು ಮಾತ್ರ ಚಿನ್ನದಿಂದ ಅವನೇ ಮಾಡಿದ ಕನ್ಯೆಯರು. ಅವರಿಗೆ ಬುದ್ಧಿಯಿದೆ, ಮಾತಿದೆ, ಬಲವಿದೆ. ಮಾನುಷವೂ ಅತಿಮಾನುಷವೂ ಒಂದೇ ಕೋಣೆಯಲ್ಲಿ ಹೀಗೆ ಒಟ್ಟಿಗಿರುವುದು ಗ್ರೀಕ್ ದೇವಲೋಕದ ಸಹಜ ಸ್ಥಿತಿ.

ಈ ಚಿತ್ರ ಗ್ರೀಕರಿಗೆ ಎಲ್ಲಿಂದ ಬಂತು? ಅವರಿಗೆ ಧರ್ಮಗ್ರಂಥವಿತ್ತೆ?

ಎಲ್ಲರೂ ಒಪ್ಪಲೇಬೇಕಾದ ಧರ್ಮಗ್ರಂಥವಾಗಲಿ, ಇದೇ ಸರಿಯೆಂದು ಶಾಸನ ಮಾಡುವ ಪುರೋಹಿತ ಸಂಸ್ಥೆಯಾಗಲಿ ಇರಲಿಲ್ಲ. ದೇವತೆಗಳಿಗೆ ಹೆಸರು, ಪದವಿ, ಕಸುಬು, ರೂಪಗಳನ್ನು ಹಂಚಿಕೊಟ್ಟವರು ಹೋಮರ್ ಮತ್ತು ಹೆಸಿಯಡ್ ಎಂಬ ಕವಿಗಳೆಂದು, ಅವರು ತನಗಿಂತ 400 ವರ್ಷ ಹಿಂದಿನವರೆಂದು, ಕ್ರಿ.ಪೂ. 5ನೆಯ ಶತಮಾನದ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಕವಿಗಳ ಕಥೆ ಒಂದು ಕಡೆ, ಊರೂರಿನ ಗುಡಿಗಳಲ್ಲಿ ನಡೆಯುತ್ತಿದ್ದ ಪೂಜೆ ಇನ್ನೊಂದು ಕಡೆ. ಇವೆರಡೂ ಬೆರೆಯುತ್ತಿದ್ದವು, ಆದರೆ ಒಂದೇ ಆಗಿರಲಿಲ್ಲ.

ಹಾಗಾದರೆ ಮನುಷ್ಯರಿಗೂ ದೇವತೆಗಳಿಗೂ ನಿಜವಾದ ಅಂತರ ಯಾವುದು?

ಸಾವು. ಬಲ, ಸೌಂದರ್ಯ, ಜ್ಞಾನ ಇವುಗಳಲ್ಲೆಲ್ಲ ದೇವತೆಗಳು ಮನುಷ್ಯರಿಗಿಂತ ಮಿಗಿಲು, ಆದರೆ ಅದು ಹೆಚ್ಚುಕಡಿಮೆಯ ಮಾತು. ಸಾವಿನ ವಿಷಯದಲ್ಲಿ ಮಾತ್ರ ನಡುವೆ ದಾಟಲಾಗದ ಗೆರೆಯಿದೆ. ಕವಿಗಳು ಅವರನ್ನು ‘ಸಾವಿಲ್ಲದವರು, ಮುಪ್ಪಿಲ್ಲದವರು’ ಎಂದು ಜೋಡಿಯಾಗಿಯೇ ಕರೆಯುತ್ತಾರೆ, ಮತ್ತು ಆ ಎರಡನೆಯ ವಿಶೇಷಣ ಅಲಂಕಾರಕ್ಕೆ ಬಂದದ್ದಲ್ಲ. ಅರುಣೋದಯದ ದೇವಿ ಈಯೊಸ್ ತನ್ನ ಪ್ರಿಯಕರ ಟಿಥೋನಸನಿಗೆ ಅಮರತ್ವ ಕೊಡೆಂದು ಜ್ಯೂಸನನ್ನು ಬೇಡಿ ಪಡೆದಳು, ಯೌವನವನ್ನು ಕೇಳಲು ಮರೆತಳು. ಅವನು ಮುದಿಯಾಗುತ್ತಲೇ ಹೋಗಿ, ಕೈಕಾಲು ಎತ್ತಲಾರದಂತಾದಾಗ ಅವಳು ಅವನನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. ಒಳಗಿನಿಂದ ಅವನ ದನಿ ಮಾತ್ರ ಕೊನೆಯಿಲ್ಲದೆ ಹರಿಯುತ್ತಿತ್ತು ಎಂದು ಪ್ರೇಮದೇವಿ ಅಫ್ರೊಡೈಟಳ ಮೇಲಿನ ಪ್ರಾಚೀನ ಸ್ತೋತ್ರ ಹೇಳುತ್ತದೆ.

ಈ ಗೆರೆ ಕಾವ್ಯದಲ್ಲಷ್ಟೇ ಇರಲಿಲ್ಲ ಎಂಬುದು ಮುಖ್ಯ. ಅಪೊಲೊ ಹುಟ್ಟಿದ ನೆಲವೆಂದು ಪೂಜೆಗೊಳ್ಳುತ್ತಿದ್ದ ಡೆಲೊಸ್ ದ್ವೀಪದಲ್ಲಿ ಕ್ರಿ.ಪೂ. 426ರ ಚಳಿಗಾಲದಲ್ಲಿ ಅಥೆನ್ಸಿನವರು ಅಲ್ಲಿದ್ದ ಸಮಾಧಿಗಳನ್ನೆಲ್ಲ ತೆಗೆಸಿದರು. ಇನ್ನು ಮುಂದೆ ಆ ದ್ವೀಪದಲ್ಲಿ ಯಾರೂ ಸಾಯಕೂಡದು, ಯಾರೂ ಹೆರಕೂಡದು ಎಂದು ಕಟ್ಟಳೆ ಮಾಡಿದರು. ಸಾವು ಸಮೀಪಿಸಿದವರನ್ನೂ ದಿನ ತುಂಬಿದ ಗರ್ಭಿಣಿಯರನ್ನೂ ಪಕ್ಕದ ರೇನಿಯ ದ್ವೀಪಕ್ಕೆ ಸಾಗಿಸಬೇಕಿತ್ತು. ಇದಕ್ಕೆ ಎರಡು ವರ್ಷದ ಹಿಂದೆ, ಕ್ರಿ.ಪೂ. 428ರಲ್ಲಿ, ಅಥೆನ್ಸಿನ ರಂಗದ ಮೇಲೆ ಬಂದ ಯೂರಿಪಿಡೀಸನ ನಾಟಕದಲ್ಲಿ ಬೇಟೆಯ ದೇವಿ ಆರ್ಟೆಮಿಸ್ ತನ್ನ ಪರಮಭಕ್ತ ಹಿಪ್ಪೊಲಿಟಸನನ್ನು ಅವನ ಪ್ರಾಣ ಹೋಗುವ ಮುನ್ನವೇ ಬಿಟ್ಟು ಹೊರಡುತ್ತಾಳೆ. ಸಾಯುವವರ ಕೊನೆಯುಸಿರಿನಿಂದ ಕಣ್ಣು ಮೈಲಿಗೆಯಾಗುವುದು ತನಗೆ ಸಲ್ಲದು ಎನ್ನುವುದು ಅವಳು ಕೊಡುವ ಕಾರಣ. ಭಕ್ತನಿಗೆ ದೇವತೆಯ ಆಸರೆ ಅತ್ಯಂತ ಬೇಕಾದ ಆ ಗಳಿಗೆಯಲ್ಲೇ ದೇವತೆ ನಿಲ್ಲಲಾರಳು. ಅಮರತ್ವವನ್ನು ಗ್ರೀಕರು ಎಷ್ಟು ಕಟುವಾಗಿ ಯೋಚಿಸಿ ನೋಡಿದ್ದರು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ನಿದರ್ಶನ ಕಾಣುವುದಿಲ್ಲ.

ದೇವತೆಗಳಿಗೆ ಗಾಯವಾಗುತ್ತದೆಯೆ? ನೋವಾಗುತ್ತದೆಯೆ?

ಎರಡೂ ಆಗುತ್ತದೆ. ಇಲಿಯಡ್‌ನ 5ನೆಯ ಸರ್ಗವನ್ನು ಓದಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಗ್ರೀಕರು ಟ್ರಾಯ್ ನಗರದ ಮೇಲೆ ನಡೆಸಿದ ಯುದ್ಧದಲ್ಲಿ ಅಥೇನಾ ದೇವಿ ಗ್ರೀಕ್ ವೀರ ಡಯೊಮೀಡೀಸನ ಕಣ್ಣ ಮುಂದಿನ ಮಂಜನ್ನು ತೆಗೆದು, ಎದುರಿಗಿರುವವರು ದೇವರೋ ಮನುಷ್ಯರೋ ಕಾಣುವಂತೆ ಮಾಡುತ್ತಾಳೆ. ತನ್ನ ಮಗ ಈನಿಯಸನನ್ನು ಎತ್ತಿಕೊಂಡು ಹೋಗಲು ಬಂದ ಅಫ್ರೊಡೈಟಳನ್ನು ಡಯೊಮೀಡೀಸ್ ಅಟ್ಟಿಸಿಕೊಂಡು ಹೋಗಿ ಈಟಿಯಿಂದ ಇರಿಯುತ್ತಾನೆ. ಈಟಿ ದೈವಿಕ ವಸ್ತ್ರವನ್ನು ಹರಿದು ಅಂಗೈ ಬುಡದ ಚರ್ಮವನ್ನು ಸೀಳುತ್ತದೆ. ಅಲ್ಲಿಂದ ಹರಿಯುವುದು ರಕ್ತವಲ್ಲ, ಇಕೊರ್ ಎಂಬ ದ್ರವ. ದೇವತೆಗಳು ರೊಟ್ಟಿ ತಿನ್ನುವುದಿಲ್ಲ, ದ್ರಾಕ್ಷಾರಸ ಕುಡಿಯುವುದಿಲ್ಲ, ಆದ್ದರಿಂದಲೇ ಅವರಲ್ಲಿ ರಕ್ತವಿಲ್ಲ, ಆದ್ದರಿಂದಲೇ ಅವರು ಅಮರರು ಎಂದು ಕವಿ ಅಲ್ಲೇ ಕಾರಣ ಕೊಡುತ್ತಾನೆ. ಅಫ್ರೊಡೈಟ್ ಕಿರುಚಿ ಮಗನನ್ನು ಕೈಬಿಡುತ್ತಾಳೆ, ಒಲಿಂಪಸಿಗೆ ಓಡಿ ತಾಯಿ ಡಯೋನಿಯ ಮಡಿಲಿಗೆ ಬೀಳುತ್ತಾಳೆ. ತಾಯಿ ಇಕೊರ್ ಅನ್ನು ಕೈಯಿಂದ ಒರೆಸಿದೊಡನೆ ಗಾಯ ಮಾಯುತ್ತದೆ.

ಅದೇ ಸರ್ಗದ ಕೊನೆಗೆ ಯುದ್ಧದೇವತೆ ಏರೀಸನಿಗೂ ಹೊಟ್ಟೆಗೆ ಈಟಿ ನಾಟಿ, ಒಂಬತ್ತು ಹತ್ತು ಸಾವಿರ ಯೋಧರು ಒಟ್ಟಿಗೆ ಅರಚಿದಂತೆ ಅರಚುತ್ತಾನೆ. ದೇವವೈದ್ಯ ಪೈಯೋನ್ ಔಷಧ ಹಚ್ಚುತ್ತಾನೆ. ಅಂಜೂರದ ಗಿಡದ ರಸ ಬಿದ್ದ ಹಾಲು ಕಲಕುತ್ತಿದ್ದಂತೆಯೇ ಗಟ್ಟಿಯಾಗುವ ಹಾಗೆ ಗಾಯ ಕೂಡಿಕೊಳ್ಳುತ್ತದೆ. ದೇವತೆಯ ಮೈ ವಾಸಿಯಾಗುವುದನ್ನು ಹೇಳಲು ಹೋಮರ್ ಗಿಣ್ಣು ಮಾಡುವ ಕುರುಬನ ಅನುಭವವನ್ನು ಬಳಸಿದ್ದಾನೆ. ನೋವು ನಿಜ, ಕೂಗು ನಿಜ, ಆದರೆ ಯಾವ ಗಾಯವೂ ಉಳಿಯುವುದಿಲ್ಲ. ಇದೇ ಯುದ್ಧದಲ್ಲಿ ಅದೇ ಜಾಗಕ್ಕೆ ಏಟು ಬಿದ್ದ ಮನುಷ್ಯನು ತನ್ನ ಕರುಳನ್ನು ಕೈಯಲ್ಲಿ ಹಿಡಿದುಕೊಂಡು ಸಾಯುತ್ತಾನೆ. ಡಯೊಮೀಡೀಸ್ ಮಿತಿ ಮೀರಿ ಅಪೊಲೊನ ಮೇಲೆಯೇ ಏರಿಹೋದಾಗ, ಅಮರ ದೇವತೆಗಳ ಕುಲವೂ ನೆಲದ ಮೇಲೆ ನಡೆಯುವ ಮನುಷ್ಯರ ಕುಲವೂ ಎಂದಿಗೂ ಒಂದಲ್ಲ ಎಂದು ಅಪೊಲೊ ಗದರಿಸುತ್ತಾನೆ.

ದೇವತೆಗಳ ಆಹಾರವೇನು? ಬಲಿಯ ಮಾಂಸವನ್ನು ಅವರು ತಿನ್ನುತ್ತಿದ್ದರೆ?

ಅವರ ಆಹಾರ ಅಂಬ್ರೋಸಿಯ, ಪಾನೀಯ ನೆಕ್ಟರ್. ಅಂಬ್ರೋಸಿಯವನ್ನು ಮೈಗೆ ಹಚ್ಚುವುದೂ ಉಂಟು. ಒಡಿಸ್ಸಿಯ 5ನೆಯ ಸರ್ಗದಲ್ಲಿ ಕಲಿಪ್ಸೊ ದೇವಿ ಮತ್ತು ಯುದ್ಧ ಮುಗಿಸಿ ಊರಿಗೆ ಮರಳುತ್ತಿರುವ ಕಾವ್ಯನಾಯಕ ಒಡಿಸ್ಯೂಸ್ ಎದುರುಬದುರು ಕುಳಿತು ಊಟ ಮಾಡುವಾಗ ಅವಳಿಗೆ ಅಂಬ್ರೋಸಿಯ, ಅವನಿಗೆ ಮನುಷ್ಯರ ಅನ್ನ. ನನ್ನೊಡನಿದ್ದರೆ ಅಮರನಾಗುವೆ ಎಂದು ಅವಳು ಹೇಳಿದರೂ ಅವನು ಮುದಿಯಾಗಲಿರುವ ಹೆಂಡತಿಯ ಬಳಿಗೆ ಮರಳಲು ಬಯಸುತ್ತಾನೆ.

ಬಲಿಯ ವಿಷಯಕ್ಕೆ ಬಂದರೆ, ದೇವತೆಗಳ ಪಾಲು ಹೊಗೆ ಮತ್ತು ಪರಿಮಳ. ಪೈಲೊಸಿನ ಮುದಿ ಅರಸ ನೆಸ್ಟರ್ ಅಥೇನಾಳಿಗೆ ಕೊಡುವ ಬಲಿಯನ್ನು ಒಡಿಸ್ಸಿ ಹಂತಹಂತವಾಗಿ ವರ್ಣಿಸುತ್ತದೆ: ಅಕ್ಕಸಾಲಿಗನು ಬಂದು ಹಸುವಿನ ಕೊಂಬಿಗೆ ಚಿನ್ನದ ತಗಡು ಹೊದಿಸುತ್ತಾನೆ, ಕೈ ತೊಳೆದು ಬಾರ್ಲಿಯ ಕಾಳು ಎರಚುತ್ತಾರೆ, ಕಡಿದ ಮೇಲೆ ತೊಡೆಯ ಎಲುಬುಗಳಿಗೆ ಎರಡು ಪದರ ಕೊಬ್ಬು ಸುತ್ತಿ ಸೌದೆಯ ಮೇಲೆ ಸುಟ್ಟು ದ್ರಾಕ್ಷಾರಸ ಚಿಮುಕಿಸುತ್ತಾರೆ, ಉಳಿದ ಮಾಂಸವನ್ನು ಕಂಬಿಗೆ ಚುಚ್ಚಿ ಹುರಿದು ನೆರೆದವರು ಉಣ್ಣುತ್ತಾರೆ. ಬಲಿ ಸ್ವೀಕರಿಸಲು ಅಥೇನಾ ತಾನೇ ಬಂದಳು ಎಂದು ಕವಿ ಹೇಳುತ್ತಾನೆ. ಎಲುಬು ದೇವರಿಗೆ, ಮಾಂಸ ಮನುಷ್ಯರಿಗೆ ಎಂಬ ಈ ಪಾಲು, ಮನುಷ್ಯರ ಪಕ್ಷ ಹಿಡಿದ ದೇವತೆ ಪ್ರೊಮಿಥಿಯಸ್ ಮೆಕೋನೆ ಎಂಬಲ್ಲಿ ಜ್ಯೂಸನಿಗೆ ಹೂಡಿದ ಮೋಸದಿಂದ ಬಂತೆಂದು ಹೆಸಿಯಡ್ ಹೇಳುತ್ತಾನೆ. ಮೋಸ ಗೊತ್ತಿದ್ದೂ ಜ್ಯೂಸ್ ಎಲುಬಿನ ಪಾಲನ್ನೇ ಆರಿಸಿಕೊಂಡನೆಂದೂ ಸೇರಿಸುತ್ತಾನೆ.

ಬಲಿ ನಿಂತರೆ ದೇವತೆಗಳಿಗೆ ನಷ್ಟವೆ?

ಹೌದು. ಮಗಳು ಪರ್ಸೆಫೊನಿ ಪಾತಾಳದ ಒಡೆಯನ ಪಾಲಾದುದರಿಂದ ನೊಂದ ಧಾನ್ಯದೇವಿ ಡಿಮೀಟರ್ ಭೂಮಿಯಲ್ಲಿ ಕಾಳು ಮೊಳೆಯದಂತೆ ಮಾಡಿದಾಗ ಜ್ಯೂಸನಿಗೆ ಚಿಂತೆಯಾದದ್ದು ಮನುಷ್ಯಕುಲ ಅಳಿಯುತ್ತದೆ, ಅದರೊಡನೆ ಒಲಿಂಪಸಿಗೆ ಬರುವ ಬಲಿಯೂ ಮರ್ಯಾದೆಯೂ ನಿಲ್ಲುತ್ತದೆ ಎಂದು. ಕೊನೆಗೆ ಅವನೇ ಬಗ್ಗಿ, ಮಗಳು ವರ್ಷದ ಮೂರನೆಯ ಒಂದು ಭಾಗ ಪಾತಾಳದಲ್ಲಿ, ಉಳಿದ ಕಾಲ ತಾಯಿಯ ಬಳಿ ಇರುವಂತೆ ಒಪ್ಪಂದವಾಯಿತು. ದೇವತೆಗಳು ಹಸಿವಿನಿಂದ ಸಾಯುವವರಲ್ಲ, ಆದರೆ ಮಾನಸಮ್ಮಾನ ಇಲ್ಲದೆ ಬದುಕುವವರೂ ಅಲ್ಲ.

ಮಾರುವೇಷದಲ್ಲಿ ಬಂದ ದೇವತೆಯನ್ನು ಗುರುತಿಸುವುದು ಹೇಗೆ?

ದೇವತೆಗಳು ತಮಗೆ ಬೇಕಾದ ರೂಪ ತಾಳಬಲ್ಲರು, ಹೆಚ್ಚಾಗಿ ಪರಿಚಿತ ಮನುಷ್ಯರ ರೂಪವನ್ನೇ ಆರಿಸುತ್ತಾರೆ. ಅಥೇನಾ ಮೆಂಟರ್ ಎಂಬ ಹಿರಿಯನಾಗಿ ಬರುತ್ತಾಳೆ, ಇನ್ನೊಮ್ಮೆ ಕುರಿ ಕಾಯುವ ಹುಡುಗನಾಗಿ. ಆದರೆ ಏನಾದರೊಂದು ಸೋರಿಬಿಡುತ್ತದೆ. ನಳನ ರೂಪ ತಾಳಿದ ದೇವತೆಗಳನ್ನು ದಮಯಂತಿ ರೆಪ್ಪೆ ಮಿಟುಕದ ಕಣ್ಣು, ಬಾಡದ ಮಾಲೆ, ನೆಲ ಮುಟ್ಟದ ಪಾದಗಳಿಂದ ಗುರುತಿಸಿದ ಕಥೆ ಬಲ್ಲ ಓದುಗರಿಗೆ ಇದು ಹೊಸದಲ್ಲ. ಇಲಿಯಡ್‌ನಲ್ಲಿ ಕಾಲ್ಕಸ್ ಎಂಬ ಜೋಯಿಸನ ರೂಪದಲ್ಲಿ ಬಂದು ಹೋದ ಸಮುದ್ರದೇವತೆ ಪೊಸೈಡನನನ್ನು ಓಯಿಲಿಯಸನ ಮಗ ಏಜಾಕ್ಸ್ ಹಿಂದಿನಿಂದ ಅವನ ಕಾಲಿನ ನಡಿಗೆ ನೋಡಿಯೇ ದೇವರೆಂದು ತಿಳಿಯುತ್ತಾನೆ.

ಎಲೂಸಿಸ್ ಎಂಬ ಊರಿನಲ್ಲಿ ಡಿಮೀಟರ್ ಪ್ರಕಟವಾಗುವ ಪ್ರಸಂಗ ಇದರಲ್ಲೆಲ್ಲ ಭವ್ಯವಾದದ್ದು. ಮಕ್ಕಳನ್ನು ನೋಡಿಕೊಳ್ಳುವ ಮುದುಕಿಯಾಗಿ ಕೆಲಸ ಕೇಳಿಕೊಂಡು ಬಂದ ಅವಳು ಹೊಸ್ತಿಲು ತುಳಿದಾಗಲೇ ತಲೆ ಮಾಡಿಗೆ ತಾಗಿ, ಬಾಗಿಲ ತುಂಬ ಬೆಳಕು ತುಂಬುತ್ತದೆ. ಮನೆಯೊಡತಿ ಮೆಟನೀರಾ ಏನೆಂದು ಅರಿಯದೆಯೇ ಭಯಭಕ್ತಿಯಿಂದ ಎದ್ದು ತನ್ನ ಪೀಠ ಬಿಟ್ಟುಕೊಡುತ್ತಾಳೆ. ಡಿಮೀಟರ್ ಆ ಮನೆಯ ಕೂಸು ಡೆಮೊಫೋನನಿಗೆ ಹಗಲು ಅಂಬ್ರೋಸಿಯ ಹಚ್ಚಿ, ರಾತ್ರಿ ಕೊಳ್ಳಿಯಂತೆ ಬೆಂಕಿಯಲ್ಲಿಟ್ಟು ಅವನ ಮರ್ತ್ಯತೆಯನ್ನು ಸುಡುತ್ತಿರುತ್ತಾಳೆ. ತಾಯಿ ಅದನ್ನು ಕದ್ದು ನೋಡಿ ಚೀರಿದಾಗ ದೇವಿ ಸಿಟ್ಟಿಗೆದ್ದು ಮಗುವನ್ನು ನೆಲದ ಮೇಲಿಡುತ್ತಾಳೆ, ಮುಪ್ಪನ್ನು ಕಳಚುತ್ತಾಳೆ. ಎತ್ತರ ಬದಲಾಗುತ್ತದೆ, ಉಡುಪಿನಿಂದ ಸುಗಂಧ ಹರಡುತ್ತದೆ, ಮಿಂಚು ಹೊಡೆದಂತೆ ಮನೆಯೆಲ್ಲ ಬೆಳಗುತ್ತದೆ. ಎತ್ತರ, ಬೆಳಕು, ಪರಿಮಳ ಈ ಮೂರೂ ಗ್ರೀಕ್ ದೇವತೆ ನಿಜರೂಪ ತೋರುವಾಗ ಮರಳಿ ಮರಳಿ ಕಾಣುವ ಲಕ್ಷಣಗಳು. ಮಗು ಮಾತ್ರ ಮರ್ತ್ಯನಾಗಿಯೇ ಉಳಿಯುತ್ತದೆ.

ಅವರ ಬಲ ಮತ್ತು ವೇಗಕ್ಕೆ ಮಿತಿಯಿತ್ತೆ?

ಮಿತಿಯಿತ್ತು, ಆದರೆ ಬಹಳ ದೂರದಲ್ಲಿತ್ತು. ಪೊಸೈಡನ್ ಮೂರು ಹೆಜ್ಜೆ ಇಟ್ಟು ನಾಲ್ಕನೆಯದರಲ್ಲಿ ತನ್ನ ನೆಲೆಯನ್ನು ತಲುಪುತ್ತಾನೆ, ಜ್ಯೂಸ್ ಹುಬ್ಬು ಬಾಗಿಸಿ ತಲೆದೂಗಿದರೆ ಒಲಿಂಪಸ್ ನಡುಗುತ್ತದೆ. ಆದರೂ ದೇವತೆ ಒಂದು ಹೊತ್ತಿನಲ್ಲಿ ಒಂದೇ ಕಡೆ ಇರುತ್ತಾನೆ. ಅಕಿಲೀಸನ ಮೊರೆಯನ್ನು ಥೆಟಿಸ್ ಜ್ಯೂಸನಿಗೆ ತಲುಪಿಸಬೇಕೆಂದಾಗ ಅವನು ಇಥಿಯೋಪಿಯದವರ ಔತಣಕ್ಕೆ ಹೋಗಿರುತ್ತಾನೆ. 12ನೆಯ ದಿನ ಹಿಂದಿರುಗುವವರೆಗೆ ಕಾಯಬೇಕಾಗುತ್ತದೆ.

ಅವರು ಸರ್ವಜ್ಞರೆ?

ಅಲ್ಲ. ‘ದೇವತೆಗಳಿಗೆ ಎಲ್ಲವೂ ಗೊತ್ತು’ ಎಂದು ಒಡಿಸ್ಸಿಯ ಪಾತ್ರಗಳು ಹೇಳುತ್ತವೆ, ಆದರೆ ಕಥೆ ಅದನ್ನು ಒಪ್ಪುವುದಿಲ್ಲ. ಮಗಳು ಎಲ್ಲಿ ಹೋದಳೆಂದು ತಿಳಿಯದೆ ಡಿಮೀಟರ್ ಒಂಬತ್ತು ದಿನ ಪಂಜು ಹಿಡಿದು ಅಲೆಯುತ್ತಾಳೆ. ಹೆಕಟೆ ಕೂಗನ್ನಷ್ಟೇ ಕೇಳಿರುತ್ತಾಳೆ, ಕಣ್ಣಾರೆ ಕಂಡವನು ಸೂರ್ಯ ಹೀಲಿಯೊಸ್. ಇಲಿಯಡ್‌ನ 14ನೆಯ ಸರ್ಗದಲ್ಲಿ ಹೇರಾ ಸಿಂಗರಿಸಿಕೊಂಡು, ಅಫ್ರೊಡೈಟಳ ಮೋಹಕ ಪಟ್ಟಿಯನ್ನು ಎರವಲು ಪಡೆದು, ನಿದ್ರಾದೇವತೆಯನ್ನು ಒಲಿಸಿಕೊಂಡು ಜ್ಯೂಸನನ್ನು ಮಲಗಿಸುತ್ತಾಳೆ. ಅವನು ಮಲಗಿರುವಷ್ಟು ಹೊತ್ತು ಯುದ್ಧ ಅವನ ಇಚ್ಛೆಗೆ ವಿರುದ್ಧವಾಗಿ ನಡೆಯುತ್ತದೆ.

ವಿಧಿಯ ಮುಂದೆ ಜ್ಯೂಸನೂ ಅಸಹಾಯಕನೆ?

ಇದಕ್ಕೆ ಹೌದು ಅಲ್ಲ ಎಂದು ಒಂದೇ ಮಾತಿನ ಉತ್ತರ ಕೊಡುವವರು ಕಾವ್ಯವನ್ನು ಅವಸರದಲ್ಲಿ ಓದಿದ್ದಾರೆ ಎಂದೇ ನನ್ನ ಭಾವನೆ. ಮಗ ಸಾರ್ಪೆಡನ್ ಸಾಯುವ ಹೊತ್ತು ಬಂದಾಗ ಅವನನ್ನು ರಣರಂಗದಿಂದ ಎತ್ತಿಬಿಡಲೇ ಎಂದು ಜ್ಯೂಸ್ ಯೋಚಿಸುತ್ತಾನೆ. ‘ನಿನಗೆ ಆಗದು’ ಎಂದು ಹೇರಾ ಹೇಳುವುದಿಲ್ಲ. ‘ಮಾಡು, ಆದರೆ ನಾವು ಯಾರೂ ಮೆಚ್ಚುವುದಿಲ್ಲ, ನಾಳೆ ಬೇರೆ ದೇವತೆಗಳೂ ತಮ್ಮ ಮಕ್ಕಳನ್ನು ಹೀಗೆಯೇ ಉಳಿಸಿಕೊಳ್ಳಲು ಬಯಸುತ್ತಾರೆ’ ಎನ್ನುತ್ತಾಳೆ. ಶಕ್ತಿ ಇದೆ, ಆದರೆ ಬಳಸಿದರೆ ಲೋಕದ ಕಟ್ಟು ಸಡಿಲವಾಗುತ್ತದೆ. ಜ್ಯೂಸ್ ಒಪ್ಪಿ, ನೆಲದ ಮೇಲೆ ರಕ್ತದ ಮಳೆ ಸುರಿಸುತ್ತಾನೆ. ಟ್ರಾಯ್‌ನ ವೀರ ಹೆಕ್ಟರನ ವಿಷಯದಲ್ಲಿ ಅವನು ಹೆಕ್ಟರ್ ಮತ್ತು ಅಕಿಲೀಸರ ಸಾವನ್ನು ತೂಗಲು ಚಿನ್ನದ ತಕ್ಕಡಿ ಹಿಡಿಯುತ್ತಾನೆ. ಹೆಕ್ಟರನ ತಟ್ಟೆ ಕೆಳಗಿಳಿದೊಡನೆ ಅಪೊಲೊ ಅವನನ್ನು ಬಿಟ್ಟು ಹೋಗುತ್ತಾನೆ.

ವ್ಯಭಿಚಾರ, ಕಳ್ಳತನ, ಅಸೂಯೆ ಇರುವ ದೇವತೆಗಳನ್ನು ಗ್ರೀಕರು ಹೇಗೆ ಪೂಜಿಸಿದರು?

ಒಳ್ಳೆಯತನ ದೇವತ್ವದ ಲಕ್ಷಣ ಎಂಬ ನಿರೀಕ್ಷೆಯನ್ನು ನಾವು ಹೊತ್ತುಕೊಂಡು ಹೋಗುವುದರಿಂದ ಈ ಪ್ರಶ್ನೆ ಏಳುತ್ತದೆ. ಹೋಮರನ ಕಾಲದ ಗ್ರೀಕರಿಗೆ ದೇವತ್ವವೆಂದರೆ ಮೊದಲು ಶಕ್ತಿ ಮತ್ತು ಅದಕ್ಕೆ ಸಲ್ಲಬೇಕಾದ ಗೌರವ. ಕಾಮ ಮನುಷ್ಯನನ್ನು ಉರುಳಿಸಬಲ್ಲ ಶಕ್ತಿ, ಆದ್ದರಿಂದ ಅಫ್ರೊಡೈಟ್ ದೇವಿ. ಅವಳು ಸುಶೀಲೆಯಾಗಿರಬೇಕೆಂಬ ಕರಾರಿಲ್ಲ. ಹರ್ಮಿಸ್ ಬೆಳಗ್ಗೆ ಹುಟ್ಟಿ, ಮಧ್ಯಾಹ್ನ ಆಮೆಯ ಚಿಪ್ಪಿನಿಂದ ವಾದ್ಯ ಮಾಡಿ ನುಡಿಸಿ, ಸಂಜೆ ಅಣ್ಣ ಅಪೊಲೊನ ದನಗಳನ್ನು ಕದ್ದ ಕಥೆಯನ್ನು ಹೇಳುವುದೇ ಅವನ ಸ್ತೋತ್ರ. ಏರೀಸ್ ಮತ್ತು ಅಫ್ರೊಡೈಟ್ ಹೆಫೀಸ್ಟಸನ ಕಾಣದ ಬಲೆಯಲ್ಲಿ ಸಿಕ್ಕಿಬಿದ್ದಾಗ ದೇವತೆಗಳು ಬಾಗಿಲಲ್ಲಿ ನಿಂತು ನಗುತ್ತಾರೆ. ಅವರು ನಗಬಲ್ಲರು, ಏಕೆಂದರೆ ಅವರ ಲೋಕದಲ್ಲಿ ಯಾವ ತಪ್ಪೂ ಕೊನೆಯ ತಪ್ಪಲ್ಲ. ಅದೇ ಬಗೆಯ ಒಂದು ತಪ್ಪಿಗೆ, ಗ್ರೀಕ್ ಅರಸನ ಹೆಂಡತಿ ಹೆಲೆನ್ ಟ್ರಾಯ್ ರಾಜಕುಮಾರ ಪ್ಯಾರಿಸನೊಡನೆ ಹೋದದ್ದಕ್ಕೆ, ಕೆಳಗೆ ಹತ್ತು ವರ್ಷ ಯುದ್ಧ ನಡೆದು ಒಂದು ಊರೇ ಸುಟ್ಟುಹೋಗುತ್ತದೆ. ಧೈರ್ಯ, ತ್ಯಾಗ, ನಿಷ್ಠೆಗಳಿಗೆ ತೂಕ ಬರುವುದು ಪ್ರಾಣ ಪಣಕ್ಕಿಟ್ಟಾಗ. ಹಾಗೆ ನೋಡಿದರೆ ಇಲಿಯಡ್‌ನಲ್ಲಿ ಗಂಭೀರವಾದವರು ಮನುಷ್ಯರೇ, ದೇವತೆಗಳಲ್ಲ.

ಪೂಜೆಯ ಲೋಕದಲ್ಲಿ ಚಿತ್ರ ಬೇರೆ. ಅಲ್ಲಿ ಜ್ಯೂಸ್ ಪರಸ್ತ್ರೀಯರ ಬೆನ್ನು ಹತ್ತುವವನಲ್ಲ. ಅತಿಥಿಗಳನ್ನು, ಶರಣು ಬಂದವರನ್ನು, ಮನೆಯಂಗಳವನ್ನು, ಆಣೆಯನ್ನು ಕಾಯುವವನು. ಒಲಿಂಪಿಯದ ಸಭಾಭವನದಲ್ಲಿ ಎರಡೂ ಕೈಯಲ್ಲಿ ಸಿಡಿಲು ಹಿಡಿದ, ಆಣೆ ಕಾಯುವ ಜ್ಯೂಸನ ಮೂರ್ತಿಯಿತ್ತು. ಅದರ ಮುಂದೆ ಕ್ರೀಡಾಪಟುಗಳು, ಅವರ ತಂದೆ ಮತ್ತು ಅಣ್ಣತಮ್ಮಂದಿರು, ತರಬೇತುದಾರರು ಕೂಡ, ಕಡಿದ ಹಂದಿಯ ತುಂಡುಗಳ ಮೇಲೆ ಪಂದ್ಯದಲ್ಲಿ ಮೋಸ ಮಾಡುವುದಿಲ್ಲವೆಂದು ಆಣೆಯಿಡುತ್ತಿದ್ದರು ಎಂದು ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ.

ದೇವತೆಗಳೇ ಆಣೆ ಮುರಿದರೆ?

ಅವರಿಗೆ ಪಾತಾಳದ ಸ್ಟಿಕ್ಸ್ ನದಿಯ ನೀರಿನ ಮೇಲೆ ಆಣೆ. ಸುಳ್ಳು ಆಣೆಯಿಟ್ಟ ದೇವತೆ ಒಂದು ವರ್ಷ ಉಸಿರು, ಮಾತು, ಅಂಬ್ರೋಸಿಯ ಯಾವುದೂ ಇಲ್ಲದೆ ಬಿದ್ದಿರುತ್ತಾನೆ, ಅನಂತರ ಒಂಬತ್ತು ವರ್ಷ ದೇವಸಭೆಯಿಂದ ಬಹಿಷ್ಕಾರ ಎಂದು ಹೆಸಿಯಡ್ ಹೇಳುತ್ತಾನೆ. ಸಾಯಲಾರದವರಿಗೆ ಸಾವಿನ ಅತಿ ಸಮೀಪದ ಶಿಕ್ಷೆ ಇದು.

ಇಂಥ ಕಥೆಗಳನ್ನು ಗ್ರೀಕರೇ ಪ್ರಶ್ನಿಸಲಿಲ್ಲವೆ?

ಬಹಳ ಬೇಗ, ಬಹಳ ತೀಕ್ಷ್ಣವಾಗಿ ಪ್ರಶ್ನಿಸಿದರು. ಕ್ರಿ.ಪೂ. 6ನೆಯ ಶತಮಾನದಲ್ಲಿ ಹುಟ್ಟಿದ ಕೊಲೊಫೋನಿನ ಕವಿ, ಚಿಂತಕ ಜೆನೊಫನೀಸ್, ಮನುಷ್ಯರಲ್ಲಿ ನಾಚಿಕೆಗೇಡೆನಿಸುವ ಕಳ್ಳತನ, ವ್ಯಭಿಚಾರ, ವಂಚನೆಗಳನ್ನೆಲ್ಲ ಹೋಮರ್ ಮತ್ತು ಹೆಸಿಯಡ್ ದೇವತೆಗಳ ಮೇಲೆ ಹೊರಿಸಿದರೆಂದ. ಇಥಿಯೋಪಿಯದವರ ದೇವತೆಗಳು ಕಪ್ಪು, ಥ್ರೇಸಿನವರ ದೇವತೆಗಳಿಗೆ ನೀಲಿ ಕಣ್ಣು. ಎತ್ತು ಕುದುರೆಗಳಿಗೆ ಕೈಯಿದ್ದಿದ್ದರೆ ಎತ್ತಿನಂತಹ, ಕುದುರೆಯಂತಹ ದೇವತೆಗಳನ್ನೇ ಬರೆಯುತ್ತಿದ್ದವು ಎಂದ. ಅವನು ನಾಸ್ತಿಕನಲ್ಲ. ಮೈಯಲ್ಲೂ ಮನಸ್ಸಿನಲ್ಲೂ ಮರ್ತ್ಯರನ್ನು ಹೋಲದ, ಇಡಿಯಾಗಿ ನೋಡುವ, ಇಡಿಯಾಗಿ ಕೇಳುವ ಮಹಾದೇವತೆಯೊಂದನ್ನು ಅವನು ಹೇಳಿದ. ಪ್ಲೇಟೊ ತನ್ನ ಆದರ್ಶ ರಾಜ್ಯದಲ್ಲಿ ಮಕ್ಕಳಿಗೆ ಈ ಕಥೆಗಳನ್ನು ಹೇಳಬಾರದೆಂದ, ದೇವರು ಒಳಿತಿಗೆ ಮಾತ್ರ ಕಾರಣವೆಂದ. ತತ್ತ್ವಜ್ಞಾನಿ ಎಪಿಕ್ಯೂರಸ್ ದೇವತೆಗಳ ಅಮರತ್ವ ಮತ್ತು ಆನಂದವನ್ನು ಒಪ್ಪಿ, ಅಂಥವರಿಗೆ ಸಿಟ್ಟೂ ಇಲ್ಲ, ಪಕ್ಷಪಾತವೂ ಇಲ್ಲ, ನಮ್ಮ ಗೊಡವೆಯೂ ಇಲ್ಲ ಎಂದ. ಇಷ್ಟಾದರೂ ಊರ ಹಬ್ಬಗಳು ನಿಲ್ಲಲಿಲ್ಲ.

ಮೂರ್ತಿಯನ್ನೇ ದೇವರೆಂದು ಭಾವಿಸುತ್ತಿದ್ದರೆ?

ಮೂರ್ತಿಯನ್ನು ಮಾಡಿದ ಶಿಲ್ಪಿಯ ಹೆಸರು ಗೊತ್ತಿತ್ತು, ಆದರೂ ಅದನ್ನು ಜೀವಂತ ವ್ಯಕ್ತಿಯಂತೆ ಉಪಚರಿಸುತ್ತಿದ್ದರು. ಒಲಿಂಪಿಯದಲ್ಲಿ ಫಿಡಿಯಸ್ ದಂತ ಮತ್ತು ಚಿನ್ನದಲ್ಲಿ ಮಾಡಿದ, ಸುಮಾರು 12 ಮೀಟರ್ ಎತ್ತರದ ಜ್ಯೂಸ್ ಕುಳಿತಿದ್ದ. ಎದ್ದು ನಿಂತರೆ ಗುಡಿಯ ಚಾವಣಿ ಕಿತ್ತುಹೋಗುತ್ತದೆಂದು ಭೂಗೋಳಕಾರ ಸ್ಟ್ರೇಬೊ ಬರೆದ. ಆದರೆ ಭಕ್ತಿಯ ಬೆಚ್ಚನೆಯ ಕೇಂದ್ರ ಇಂಥ ಬೃಹತ್ ಮೂರ್ತಿಗಳಾಗಿರಲಿಲ್ಲ. ಅಥೆನ್ಸಿನವರು ಹೊಸ ವಸ್ತ್ರ ನೇಯ್ದು ಮೆರವಣಿಗೆಯಲ್ಲಿ ಒಯ್ಯುತ್ತಿದ್ದದ್ದು ಆಲಿವ್ ಮರದ ಹಳೆಯ ಅಥೇನಾಳಿಗೆ. ವರ್ಷಕ್ಕೊಮ್ಮೆ ಅವಳ ಒಡವೆ ವಸ್ತ್ರ ತೆಗೆದು ಶುದ್ಧಿ ಮಾಡುವ ದಿನವನ್ನು ಅಶುಭವೆಂದು ಎಣಿಸಿ, ಅಂದು ಯಾವ ಮುಖ್ಯ ಕೆಲಸಕ್ಕೂ ಕೈಹಾಕುತ್ತಿರಲಿಲ್ಲ.

ಮನುಷ್ಯನು ದೇವತೆಯಾಗಬಲ್ಲನೆ?

ಹಳೆಯ ಕಥೆಗಳಲ್ಲಿ ಇದು ತೀರ ವಿರಳ. ಮಹಾವೀರ ಹೆರಾಕ್ಲೀಸನ ಪ್ರೇತರೂಪದ ನೆರಳನ್ನು ಒಡಿಸ್ಯೂಸ್ ಪಾತಾಳದಲ್ಲಿ ಕಾಣುತ್ತಾನೆ, ಆದರೆ ಹೆರಾಕ್ಲೀಸ್ ತಾನು ದೇವತೆಗಳ ನಡುವೆ ಯೌವನದ ದೇವಿ ಹೀಬಿಯ ಗಂಡನಾಗಿ ಔತಣದಲ್ಲಿದ್ದಾನೆ. ಅವನನ್ನು ಕೆಲವೆಡೆ ಅಮರನೆಂದೂ ಸತ್ತ ವೀರನೆಂದೂ ಎರಡು ಬಗೆಯಲ್ಲಿ ಪೂಜಿಸುತ್ತಿದ್ದರು. ವೈದ್ಯ ಆಸ್ಕ್ಲೀಪಿಯಸ್ ಕೂಡ ಮರ್ತ್ಯನಾಗಿ ಸತ್ತು ದೇವತೆಯಾದವನು. ಎಪಿಡಾರಸಿನಲ್ಲಿ ಅವನ ಗುಡಿಯ ಆವರಣದಲ್ಲಿ ರೋಗಿಗಳು ಮಲಗುತ್ತಿದ್ದರು, ಕನಸಿನಲ್ಲಿ ಅವನೇ ಬಂದು ಮದ್ದು ಹಚ್ಚಿದ, ಶಸ್ತ್ರಚಿಕಿತ್ಸೆ ಮಾಡಿದ ಎಂಬ ವೃತ್ತಾಂತಗಳನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ಕಲ್ಲಿನ ಮೇಲೆ ಕೊರೆಸಿದ್ದಾರೆ.

ಅಲೆಗ್ಸಾಂಡರನ ಅನಂತರ ಬದುಕಿರುವ ಅರಸರಿಗೇ ದೇವಗೌರವ ಸಲ್ಲತೊಡಗಿತು. ಸುಮಾರು ಕ್ರಿ.ಪೂ. 290ರಲ್ಲಿ ಅಥೆನ್ಸಿನವರು ಅರಸ ಡಿಮೀಟ್ರಿಯಸನನ್ನು ಹಾಡಿನೊಂದಿಗೆ ಸ್ವಾಗತಿಸಿದರು. ಉಳಿದ ದೇವತೆಗಳು ದೂರದಲ್ಲಿದ್ದಾರೆ, ಅಥವಾ ಅವರಿಗೆ ಕಿವಿಯಿಲ್ಲ, ಅಥವಾ ಅವರು ಇಲ್ಲವೇ ಇಲ್ಲ, ಅಥವಾ ನಮ್ಮ ಕಡೆ ಗಮನವಿಲ್ಲ. ನಿನ್ನನ್ನಾದರೋ ಕಣ್ಣೆದುರು ಕಾಣುತ್ತೇವೆ, ನೀನು ಮರದವನಲ್ಲ, ಕಲ್ಲಿನವನಲ್ಲ, ನಿಜವಾದವನು ಎಂದು ಆ ಹಾಡು ಹೇಳಿ, ಮೊದಲು ಶಾಂತಿ ಕೊಡು ಎಂದು ಬೇಡುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಥೆನ್ಸ್ ಅವನ ವಿರುದ್ಧ ದಂಗೆ ಎದ್ದಿತ್ತು, ಡಿಮೀಟ್ರಿಯಸ್ ಎದುರಾಳಿ ಅರಸ ಸೆಲ್ಯೂಕಸನ ಸೆರೆಯಲ್ಲಿ ಸತ್ತಿದ್ದ.